ನೀಲಿ ಗಂಜಿ

ನಳಿನಿಗೆ ಆ ದಿನ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಾಲನ್ನು ಒಲೆಯ ಮೇಲಿಟ್ಟು ಬಾಲ್ಕನಿಗೆ ಹೋಗುವುದು, ಬಾಲ್ಕನಿಗೆ ಯಾಕೆ ಬಂದೆ ಎಂಬುದೇ ಮರೆತು ಕನ್ನಡಿಯ ಮುಂದೆ ಹೋಗಿ ನಿಲ್ಲುವುದು, ಅಷ್ಟರಲ್ಲಿ ಹಾಲು ಉಕ್ಕುವುದು. ಮರುದಿನ ಅವಳು ಕೆಲಸಕ್ಕೆ ಹಾಜರಾಗಬೇಕಿತ್ತು. ಅಹಮದಾಬಾದಿನ ಆಶ್ರಮ ರಸ್ತೆಯ ವಿಮಾ ಕಚೇರಿಯಲ್ಲಿ ಅವಳ ಕುರ್ಚಿ ಕಳೆದ ಶ್ರಾವಣದಿಂದ ಖಾಲಿ ಬಿದ್ದಿತ್ತು. ಶ್ರಾವಣದಲ್ಲೇ ಅವಳ ಎಡ ಮೊಲೆಯನ್ನು ಆಪರೇಶನ್ ಮಾಡಿ ತೆಗೆದಿದ್ದರು.

ಕಾಯಿಲೆಯ ಕಷ್ಟವನ್ನೆಲ್ಲ ಅವಳು ತುಟಿ ಪಿಟಕ್ಕೆನ್ನದೆ ಅನುಭವಿಸಿದ್ದಳು. ಕೂದಲು ಉದುರಿತು, ಮತ್ತೆ ಬಂತು, ಅದೂ ಮೊದಲಿಲ್ಲದ ಗುಂಗುರು ಹೊತ್ತು ಬಂತು. ಡಾಕ್ಟರು ಇನ್ನು ಆರಾಮಾಗಿ ಕೆಲಸಕ್ಕೆ ಹೋಗಿ ಎಂದರು. ಆದರೆ ಜನರ ಕಣ್ಣಿಗೆ ಔಷಧ ಯಾವ ಡಾಕ್ಟರ ಬಳಿಯೂ ಇರಲಿಲ್ಲ. ವಸ್ತ್ರಾಪುರದ ಅವರ ಸೊಸೈಟಿಯ ಲಿಫ್ಟಿನಲ್ಲಿ, ಕೆರೆಯ ಸುತ್ತಲಿನ ಕಾಲುದಾರಿಯಲ್ಲಿ, ಯಾರೇ ಸಿಕ್ಕಿ 'ಕೇಮ್ ಛೋ', ಹೇಗಿದ್ದೀರಿ ಎಂದು ನಕ್ಕರೂ ಅವರ ಕಣ್ಣು ಒಂದು ಸಲ ಕೆಳಗಿಳಿದು, ಅಲ್ಲೊಂದು ಗಳಿಗೆ ಕೂತು, ತಪ್ಪು ಮಾಡಿದಂತೆ ಮೇಲೆ ಬರುತ್ತಿತ್ತು. ಪಾಪ, ಅವರೇನೂ ಕೆಟ್ಟವರಲ್ಲ. ಹಲ್ಲು ಬಿದ್ದವರ ಬಾಯಿಯನ್ನು ನೋಡದೆ ಮಾತಾಡುವುದು ಎಷ್ಟು ಜನಕ್ಕೆ ಸಾಧ್ಯ? ಆದರೂ ಆ ಇಳಿದು ಹತ್ತುವ ಕಣ್ಣು ನಳಿನಿಯನ್ನು ಸುಡುತ್ತಿತ್ತು. ಅದಕ್ಕಾಗಿಯೇ ಅವಳು ಹಾಜರಾಗುವ ದಿನವನ್ನು ಎರಡು ಸಲ ಮುಂದೂಡಿದ್ದಳು. ಇನ್ನೊಂದು ಸಲ ಮುಂದೂಡಿದರೆ ಆ ಕಚೇರಿಯ ಮೆಟ್ಟಿಲನ್ನು ತಾನು ಮತ್ತೆಂದೂ ಹತ್ತುವುದಿಲ್ಲ ಎಂದು ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಊರಿನ ಕಡೆಯವರದು ಇನ್ನೊಂದು ಬಗೆ. ತುಮಕೂರಿನಿಂದ ಚಿಕ್ಕಮ್ಮ ಜಯಂತಿ ಆಗಾಗ ಫೋನು ಮಾಡಿ "ಎದೆಗುಂದಬೇಡ ಕಣೇ" ಅನ್ನುವರು, ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡು ಸುಮ್ಮನಾಗುವರು. ಕನ್ನಡದಲ್ಲಿ ಇದೊಂದು ಫಜೀತಿ. ಧೈರ್ಯ ಹೇಳುವುದಕ್ಕೂ ಎದೆ, ದುಃಖ ಹೇಳುವುದಕ್ಕೂ ಎದೆ. ಎದೆಗಾರಿಕೆ, ಎದೆಯೊಡ್ಡಿ ನಿಲ್ಲುವುದು, ಎದೆ ಒಡೆಯುವುದು. ಆ ಪದವನ್ನು ಬಿಟ್ಟು ಸಮಾಧಾನ ಹೇಳಲು ಹೊರಟವರು ಅರ್ಧ ದಾರಿಯಲ್ಲೇ ಮಾತು ಸಿಗದೆ ನಿಂತುಬಿಡುತ್ತಿದ್ದರು. ಆಮೇಲೆ ಅಹಮದಾಬಾದಿನ ಬಿಸಿಲಿನ ಮಾತು.

ಇಷ್ಟೆಲ್ಲ ಕಣ್ಣುಗಳ ಮುಂದೆ ನಳಿನಿಗೆ ಇದ್ದ ಆಸರೆಯೆಂದರೆ ಒಂದು ಒಳಬಟ್ಟೆ. ಸೂರತ್ತಿನ ವರಾಛಾದಲ್ಲಿ ಹಂಸಾಬೆನ್ ಎಂಬಾಕೆ ಇಂಥ ಆಪರೇಶನ್ ಆದವರಿಗೆಂದೇ ಮನೆಯಲ್ಲಿ ಅಳತೆ ತೆಗೆದು ಹೊಲಿದುಕೊಡುತ್ತಿದ್ದರು. ನೋಡಲು ಅರ್ಧ ಬನಿಯನ್ನಿನ ಹಾಗೆ, ಅಗಲ ಪಟ್ಟಿ, ಎಡಗಡೆ ಒಳಭಾಗದಲ್ಲಿ ಮೆತ್ತನೆಯ ಹತ್ತಿಯ ಜೇಬು. ಜೇಬಿನೊಳಗೆ ಸಿಲಿಕಾನ್ ಪ್ಯಾಡು ಇಟ್ಟು ಮೇಲೆ ರವಿಕೆ ತೊಟ್ಟರೆ ಎರಡು ಕಡೆಯೂ ಸಮ. ಮೊದಲ ಸಲ ಅದನ್ನು ತೊಟ್ಟು ಕನ್ನಡಿ ನೋಡಿಕೊಂಡಾಗ ನಳಿನಿಗೆ ಅಳು ಬಂದಿತ್ತು. ಹಂಸಾಬೆನ್ ನೋಡಿಯೂ ನೋಡದವರಂತೆ ಚಹಾ ಮಾಡಲು ಎದ್ದು ಹೋಗಿದ್ದರು. ಒಂದು ಒಗೆತದಲ್ಲಿದ್ದರೆ ಇನ್ನೊಂದು ಇರಲಿ ಎಂದು ನಳಿನಿ ಎರಡು ಹೊಲಿಸಿಕೊಂಡು ಬಂದಳು.

ಒಗೆಯುವ ಬಗೆಯನ್ನೂ ಆಕೆ ಹೇಳಿಕೊಟ್ಟಿದ್ದರು. ತಣ್ಣೀರಿಗೆ ಒಂದು ಹನಿ ಶಾಂಪೂ ಹಾಕಿ ಕೈಯಲ್ಲೇ ಅದ್ದಿ ತೆಗೆಯಬೇಕು, ಹಿಂಡಬಾರದು, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ಹೀರಿಸಿ, ಆಮೇಲೆ ನೆರಳಿನಲ್ಲಿ ಗಾಳಿಗೆ ಹರವಬೇಕು. ನಳಿನಿಯ ಕಿವಿ ಟವೆಲಿನ ತನಕ ಕೇಳಿಸಿಕೊಂಡು ಅಲ್ಲಿಗೇ ಬಾಗಿಲು ಹಾಕಿಕೊಂಡಿತು. ತೌರುಮನೆಯಲ್ಲಿ ಒಳಬಟ್ಟೆಯೆಂದರೆ ಹಿತ್ತಿಲ ತಂತಿಯ ಮೂಲೆಯಲ್ಲಿ, ಲಂಗದ ಅಡಿಯಲ್ಲಿ ಉಸಿರು ಬಿಗಿಹಿಡಿದು ಒಣಗಬೇಕಾದ ವಸ್ತು. ಗಾಳಿಗೆ ಲಂಗ ಸರಿದು ಅದರ ಅಂಚು ಕಂಡರೂ ಅಮ್ಮ ಕಣ್ಣಲ್ಲೇ ಗದರುತ್ತಿದ್ದಳು. ಆ ಮನೆಯ ಗಂಡಸರು ಹೆಂಗಸರಿಗೆ ಒಳಬಟ್ಟೆಯೇ ಇರುವುದಿಲ್ಲ ಎಂದು ನಂಬಿದ್ದರೋ ಏನೋ. ಆ ಕಟ್ಟಳೆಯನ್ನು ನಳಿನಿ, ಗಂಡನಿಗೆ ವರ್ಗವಾಗಿ ಗುಜರಾತಿಗೆ ಬರುವಾಗ, ಒಗ್ಗರಣೆ ಡಬ್ಬಿಯ ಜೊತೆಗೇ ಕಟ್ಟಿಕೊಂಡು ಬಂದಿದ್ದಳು. ಅದರ ಮೇಲೆ ಇದು ಜೇಬಿರುವ ಬಟ್ಟೆ, ನೋಡಿದವರಿಗೆ ಒಂದೇ ನೋಟಕ್ಕೆ ಕಥೆಯೆಲ್ಲ ತಿಳಿದುಹೋಗುತ್ತದೆ. ಹಾಗಾಗಿ ಅವಳು ಒಗೆದು, ಟವೆಲಿನಲ್ಲಿ ಸುತ್ತಿ, ಆ ಸುರುಳಿಯನ್ನು ಬಚ್ಚಲಿನಲ್ಲಿ ಬಕೆಟ್ಟುಗಳ ಹಿಂದಿನ ಸ್ಟೂಲಿನ ಮೇಲೆ ಹಾಗೆಯೇ ಇಟ್ಟುಬಿಡುತ್ತಿದ್ದಳು. ಗಂಡನಿಗಾಗಲಿ ಮಗಳಿಗಾಗಲಿ ಒಂದು ದಿನವೂ ತೋರಿಸಿರಲಿಲ್ಲ. ಗಾಳಿ ಕಾಣದೆ ಮುಗ್ಗಿ, ಎಲಾಸ್ಟಿಕ್ ಸಡಿಲಾಗಿ, ಒಂದು ಬಟ್ಟೆ ಯುಗಾದಿಯ ಹೊತ್ತಿಗೇ ಕೈಕೊಟ್ಟಿತು. ಹಂಸಾಬೆನ್ನಿಗೆ ಫೋನು ಮಾಡಿದರೆ ಅವರು ಮದುವೆಗೆಂದು ಅಮ್ರೇಲಿಯ ಕಡೆಯ ತಮ್ಮ ಊರಿಗೆ ಹೋಗಿದ್ದರು, ಬರುವುದು ಮುಂದಿನ ತಿಂಗಳು. ಈಗ ಉಳಿದದ್ದು ಒಂದೇ.

ಗಂಡ ಬಾಲಕೃಷ್ಣ ಬ್ಯಾಂಕಿನಲ್ಲಿ ಮ್ಯಾನೇಜರು, ಮಾತು ಕಡಿಮೆಯ ಮನುಷ್ಯ. ಆಸ್ಪತ್ರೆಯಲ್ಲಿ ಹಗಲಿರುಳು ಅವಳ ಪಕ್ಕದಲ್ಲಿ ಕೂತಿದ್ದವನು ಅವನೇ. ಆದರೆ ಮನೆಗೆ ಬಂದ ಮೇಲೆ ಅವಳು ಸೀರೆ ಬದಲಾಯಿಸಲು ನಿಂತರೆ ಸಾಕು, ಕಿಟಕಿಯ ಕಡೆ ತಿರುಗಿ ನಿಂತುಬಿಡುತ್ತಿದ್ದ. ಕಿಟಕಿಯ ಆಚೆ ಇದ್ದದ್ದು ಎದುರು ಕಟ್ಟಡದ ನೀರಿನ ಟ್ಯಾಂಕು. ಎಂಟು ತಿಂಗಳು ನೋಡುವಂಥದ್ದು ಅದರಲ್ಲೇನಿತ್ತು? ನನ್ನನ್ನು ನೋಡಲು ಇವರಿಂದಲೂ ಆಗುತ್ತಿಲ್ಲ ಎಂದು ನಳಿನಿ ತೀರ್ಮಾನಿಸಿದ್ದಳು, ತೀರ್ಮಾನಿಸಿ ಒಳಗೊಳಗೇ ಕೊರಗುತ್ತಿದ್ದಳು.

ಮರುದಿನಕ್ಕೆಂದು ಅವಳು ಗಾಢ ನೀಲಿಯ ಕೈಮಗ್ಗದ ಸೀರೆಯನ್ನು ಆರಿಸಿಟ್ಟಿದ್ದಳು. ಷಿಫಾನ್, ಸಿಂಥೆಟಿಕ್ಕುಗಳು ಮೈಗೆ ಅಂಟಿಕೊಂಡು ಗುಟ್ಟನ್ನೆಲ್ಲ ಬಿಟ್ಟುಕೊಡುತ್ತವೆ. ಗಂಜಿ ಹಾಕಿದ ಹತ್ತಿ ಸೀರೆಯ ಸೆರಗು ಹಾಗಲ್ಲ, ಮೈಯಿಂದ ಒಂದು ಬೆರಳು ದೂರದಲ್ಲಿ ತನ್ನ ಪಾಡಿಗೆ ತಾನು ನಿಂತಿರುತ್ತದೆ. ಬೆಳಗ್ಗೆ ಒಳಬಟ್ಟೆಯನ್ನು ಒಗೆದು ಟವೆಲಿನಲ್ಲಿ ಸುತ್ತಿಟ್ಟಳು, ಸೀರೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿದಳು. ಇನ್ನು ಅನ್ನದ ಗಂಜಿ ಮಾಡಬೇಕು ಅನ್ನುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಫಿಟ್‌ನೆಸ್ ಸರ್ಟಿಫಿಕೇಟು ಬೇಕಿದ್ದರೆ ಈಗಲೇ ಬರಬೇಕಂತೆ, ಸಂಜೆ ಡಾಕ್ಟರು ಇರುವುದಿಲ್ಲವಂತೆ.

ಮನೆಯಲ್ಲಿದ್ದದ್ದು ಮಗಳು ನಿಕಿತಾ. ಕಾಲೇಜಿನ ಮೊದಲ ವರ್ಷ, ಪರೀಕ್ಷೆಗೆ ಓದುವ ರಜೆ. ನಳಿನಿ ಅಗಲವಾದ ದುಪಟ್ಟಾ ಹೊದ್ದು, ಚಪ್ಪಲಿ ಮೆಟ್ಟುತ್ತಲೇ ಬಾಗಿಲಿನಿಂದ ಹೇಳಿದಳು: "ನಿಕ್ಕಿ, ಬಚ್ಚಲಲ್ಲಿ ನೀಲಿ ಸೀರೆ ನೆನೆಸಿದೀನಿ. ಅದಕ್ಕೆ ಗಂಜಿ ಹಾಕಿ ಒಣಗಿಸಿಬಿಡು. ನಾಳೆಗೆ ಬೇಕು."

ನಿಕಿತಾ ಪುಸ್ತಕದಿಂದ ತಲೆ ಎತ್ತದೆ ಹೂಂ ಅಂದಳು. ಆ ಹೂಂ ಅನ್ನುವುದರಲ್ಲೇ ಎಲ್ಲ ಅನಾಹುತವೂ ಅಡಗಿತ್ತು.

ನಿಕಿತಾ ಮಾತು ಕಲಿತದ್ದು ವಡೋದರದಲ್ಲಿ, ಅಪ್ಪನಿಗೆ ಅಲ್ಲಿ ಮೊದಲ ಪೋಸ್ಟಿಂಗ್ ಆದಾಗ. ಬೆಳೆದದ್ದು ಅಹಮದಾಬಾದಿನಲ್ಲಿ. ಅವಳ ಕನ್ನಡ ಅಡುಗೆಮನೆಯಿಂದ ಹೊರಟು ಊಟದ ಮೇಜಿನ ತನಕ ಸರಾಗವಾಗಿ ನಡೆಯುತ್ತಿತ್ತು; ಅದರಾಚೆಗೆ ಗುಜರಾತಿ, ಹಿಂದಿ, ಇಂಗ್ಲಿಷು ಕೈಹಿಡಿದು ನಡೆಸಬೇಕು. ಗಂಜಿ ಎಂಬ ಪದ ಅವಳಿಗೆ ಗೊತ್ತಿಲ್ಲದ್ದಲ್ಲ. ಎರಡು ಸಲ ಗೊತ್ತಿತ್ತು. ಮನೆಯಲ್ಲಿ ಗಂಜಿಯೆಂದರೆ ಅಮ್ಮ ಕಾಯಿಲೆಯಲ್ಲಿದ್ದಾಗ ಕುಡಿದದ್ದು. ಕೀಮೋ ಔಷಧ ಏರಿಸಿಕೊಂಡು ಬಂದ ದಿನಗಳಲ್ಲಿ ಅಮ್ಮನ ಹೊಟ್ಟೆಯಲ್ಲಿ ನಿಲ್ಲುತ್ತಿದ್ದದ್ದು ಅದೊಂದೇ, ಮಾಡಿ ಚಮಚದಲ್ಲಿ ಕುಡಿಸುತ್ತಿದ್ದವಳು ನಿಕಿತಾಳೇ. ಮನೆಯ ಬಾಗಿಲು ದಾಟಿದರೆ ಮಾತ್ರ ಗಂಜಿಯೆಂದರೆ ಬನಿಯನ್ನು. ಗುಜರಾತಿನಲ್ಲಿ ಗಂಡಸರು ಅಂಗಿಯೊಳಗೆ ತೊಡುವುದೇ ಗಂಜಿ. ಸೀರೆಗೆ ಗಂಜಿ ಹಾಕುವುದನ್ನು ಆ ಹುಡುಗಿ ಹುಟ್ಟಿದಾರಭ್ಯ ಕಂಡಿರಲಿಲ್ಲ. ಇಸ್ತ್ರಿಯವನು ಪಿಚಕಾರಿಯಲ್ಲಿ ಸ್ಟಾರ್ಚ್ ಹೊಡೆದು ತರುತ್ತಿದ್ದ. ಹಾಗಾಗಿ ಅವಳು ಯೋಚಿಸಿದಳು. ಸೀರೆಗೆ ಯಾರೂ ಊಟ ಹಾಕುವುದಿಲ್ಲ. ಆದ್ದರಿಂದ ಅಮ್ಮ ಹೇಳಿದ್ದು ಸೀರೆಯ ಜೊತೆ ಬನಿಯನ್ನುಗಳನ್ನೂ ಮಷಿನ್ನಿಗೆ ಹಾಕು ಅಂತ. ಈ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

ನಳಿನಿ ಸರ್ಟಿಫಿಕೇಟು ಹಿಡಿದು ಬಂದಾಗ ಮಧ್ಯಾಹ್ನದ ಬಿಸಿಲು ಬಾಲ್ಕನಿಯಲ್ಲಿ ಕಾಲು ಚಾಚಿ ಕೂತಿತ್ತು. ತಂತಿಯ ಮೇಲೆ ನೀಲಿ ಸೀರೆ ಜೋತುಬಿದ್ದಿತ್ತು. ಅದರ ಪಕ್ಕದಲ್ಲಿ ಬಾಲಕೃಷ್ಣನ ಬನಿಯನ್ನುಗಳೆಲ್ಲ ಸಾಲಾಗಿ ತೂಗುತ್ತಿದ್ದವು, ಒಂದೊಂದೂ ಆಕಾಶದ ಬಣ್ಣ. ಮೊದಲು ಅವಳಿಗೆ ಅದು ಬೇರೆಯವರ ಮನೆಯ ತಂತಿಯೆನಿಸಿತು. ಆಮೇಲೆ ಸಾಲಿನ ಕೊನೆಯಲ್ಲಿ, ಎದುರು ಕಟ್ಟಡದ ಕಿಟಕಿಗಳಿಗೆ ಮುಖಮಾಡಿ, ಎರಡು ಕ್ಲಿಪ್ಪು ಕಚ್ಚಿಸಿಕೊಂಡು ನೇತಾಡುತ್ತಿದ್ದ ತನ್ನ ಒಳಬಟ್ಟೆ ಕಂಡಿತು. ಓಡಿಹೋಗಿ ಕಿತ್ತುಕೊಂಡಳು. ನೀಲಿ ಮಚ್ಚೆ ಬಿದ್ದಿತ್ತು. ಪಟ್ಟಿ ಹಪ್ಪಳದಂತೆ ಅಲೆಅಲೆಯಾಗಿತ್ತು. ಎಳೆದು ಬಿಟ್ಟರೆ ಎಳೆದಷ್ಟಕ್ಕೇ ನಿಂತಿತು. ಜೇಬಿನ ಹೊಲಿಗೆ ಬಿಚ್ಚಿಕೊಂಡಿತ್ತು.

ನಿಕಿತಾ ಹೆಮ್ಮೆಯಿಂದಲೇ ಬಂದಳು. ಅಮ್ಮನ ಮುಖ ನೋಡಿ ಅರ್ಧದಲ್ಲೇ ನಿಂತಳು.

"ನೀನೇ ಹೇಳಿದ್ದಲ್ವಾ ಅಮ್ಮಾ, ಸೀರೆಗೆ ಗಂಜಿ ಹಾಕು ಅಂತ? ಪಪ್ಪಾಂದು ಎಲ್ಲಾ ಗಂಜಿ ಹಾಕ್ದೆ. ನಿಂದು ಟವೆಲ್ ಒಳಗೆ ಒದ್ದೆ ಇತ್ತು, ಸ್ಮೆಲ್ ಬರ್ತಿತ್ತು. ಮರ್ತುಬಿಟ್ಟಿದೀಯ ಅಂತ ಅದನ್ನೂ ಬಿಸಿನೀರಲ್ಲಿ ಹಾಕ್ದೆ."

ನಳಿನಿ ಆ ಮೇಲೆ ಆಡಿದ ಮಾತುಗಳನ್ನೆಲ್ಲ ಬರೆಯುವುದು ಬೇಡ. ಎಂಟು ತಿಂಗಳು ಯಾರಿಗೂ ತಾಕದಂತೆ ಅದುಮಿಟ್ಟ ಸಿಟ್ಟು ಅದು, ಆ ಹುಡುಗಿಯ ಪಾಲಿನದಲ್ಲ, ಆದರೂ ಅವಳ ತಲೆಯ ಮೇಲೆ ಸುರಿಯಿತು. ತಾಯಿಭಾಷೆ ಬರದವಳು ಅಂದಳು, ಕಂಡವರ ಟವೆಲು ಬಿಚ್ಚುವವಳು ಅಂದಳು. ಕೊನೆಗೆ ಧ್ವನಿ ತಗ್ಗಿಸಿ, "ನಾಳೆ ನಾನು ಹೋಗಲ್ಲ. ನಾಳೆ ಅಂತಲ್ಲ, ಇನ್ನು ಹೋಗೋದೇ ಇಲ್ಲ" ಅಂದಳು. ಬೈಗುಳಕ್ಕಿಂತ ಈ ಮಾತು ನಿಕಿತಾಳನ್ನು ಹೆದರಿಸಿತು.

ಅವಳು ಅಮ್ಮನ ಕೈಯಲ್ಲಿದ್ದ ಬಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡು ನೋಡಿದಳು. ಬಿಚ್ಚಿಕೊಂಡ ಜೇಬಿನೊಳಗೆ ಬೆರಳು ಹಾಕಿದಳು. ಆಗ ಅವಳಿಗೆ ತಿಳಿಯಿತು.

"ನನಗೆ ಗೊತ್ತೇ ಇರಲಿಲ್ಲ" ಅಂದಳು. "ಒಂದ್ಸಲ ತೋರಿಸಿದ್ರೆ ಗೊತ್ತಾಗ್ತಿತ್ತು. ಬಾಯಿಗೆ ಗಂಜಿ ಹಾಕಿದೀನಿ ನಿಂಗೆ. ಇದನ್ನ ಯಾಕೆ ಬಚ್ಚಿಟ್ಟೆ?"

ಮಗಳು ಹೇಳಿದ್ದು ನಿಜ, ನಿಜವಾದ್ದರಿಂದಲೇ ನಳಿನಿಗೆ ಇನ್ನಷ್ಟು ಸಂಕಟವಾಯಿತು. ಕೋಣೆಗೆ ಹೋದಳು, ಹೊರಗೆ ಬಂದಳು, ಮತ್ತೆ ಹೋದಳು. ನಿಕಿತಾ ಫೋನು ಹಿಡಿದು ಸರ್ಜಿಕಲ್ ಸಾಮಾನಿನ ಅಂಗಡಿಗಳನ್ನೆಲ್ಲ ಕೇಳಿದಳು. ಈ ಅಳತೆಯದು ತರಿಸಿಕೊಡಬೇಕಾದರೆ ವಾರ ಬೇಕು ಎಂದರು. ನಳಿನಿ ಬೀರುವಿನ ಕೆಳಗಿನ ಖಾನೆಯನ್ನು ಎಳೆದಳು. ಅಲ್ಲಿ ತೆಳುಕಾಗದದಲ್ಲಿ ಸುತ್ತಿದ್ದ ಒಂದು ಲೇಸಿನ ಬ್ರಾ ಇತ್ತು. ಕೆನೆಯ ಬಣ್ಣದ್ದು, ವಡೋದರದಲ್ಲಿದ್ದಾಗ ಆಸೆಪಟ್ಟು ಕೊಂಡದ್ದು, ಒಳ್ಳೆಯ ದಿನಕ್ಕೆ ಇರಲಿ ಎಂದು ಜೋಪಾನ ಮಾಡಿದ್ದು. ಒಳ್ಳೆಯ ದಿನ ಯಾವುದು ಎಂದು ತೀರ್ಮಾನವಾಗುವುದರೊಳಗೆ ವರ್ಷಗಳು ಕಳೆದಿದ್ದವು. ಅವಳು ಅದನ್ನು ಬಿಡಿಸಿ ಎಳೆದಳು. ಒಳಗಿನ ರಬ್ಬರು ಒಣಗಿದ ಎಲೆಯಂತೆ ಚರಚರ ಅಂದು ಸತ್ತುಹೋಯಿತು. ಅದರ ಕೆಳಗಿತ್ತು ದಿನನಿತ್ಯದ ಬಿಳಿ ಹತ್ತಿಯದು, ಆಸ್ಪತ್ರೆಗೆ ಸೇರುವ ಹಿಂದಿನ ದಿನದವರೆಗೂ ತೊಟ್ಟದ್ದು. ಎಳೆದರೆ ಚಂಗನೆ ಹಿಂದಕ್ಕೆ ಬಂತು. ಜೋಪಾನ ಮಾಡಿದ್ದು ಹೋಗಿ, ಯಾರೂ ಕೇಳದ ಈ ಬಡಪಾಯಿ ಉಳಿದಿತ್ತು.

"ಇದಕ್ಕೇ ಜೇಬು ಹೊಲಿಯೋಣ" ಅಂದಳು ನಿಕಿತಾ.

ಹೊಲಿಯಬಹುದು, ಆದರೆ ಯಾವ ಬಟ್ಟೆಯಿಂದ? ಗಾಯದ ಮೇಲಿನ ಚರ್ಮ ಈಗಲೂ ಎಳೆಮಗುವಿನದರಂತೆ ಇತ್ತು. ಹೊಸ ಬಟ್ಟೆ ಉಜ್ಜುತ್ತದೆ, ಕರವಸ್ತ್ರ ಚುಚ್ಚುತ್ತದೆ, ಬಣ್ಣ ಬಿಡುವುದು ಬೆವರಿಗೆ ಉರಿಯುತ್ತದೆ. ಒಗೆದೊಗೆದು ಹಳೆಯದಾದ ಬಿಳಿ ಬನಿಯನ್ನಾದರೆ ಹೇಳಿ ಮಾಡಿಸಿದಂತೆ. ಮನೆಯ ಬನಿಯನ್ನುಗಳೆಲ್ಲ ಬಾಲ್ಕನಿಯಲ್ಲಿ ನೀಲಿಯಾಗಿ ನೇತಾಡುತ್ತಿದ್ದವು.

ಆಗ ಬಾಲಕೃಷ್ಣ ಬ್ಯಾಂಕಿನಿಂದ ಬಂದ. ನಡೆದದ್ದನ್ನು ನಿಕಿತಾ ಗುಜರಾತಿ, ಕನ್ನಡ ಕಲಸಿ ಒಂದೇ ಉಸಿರಿಗೆ ಹೇಳಿದಳು, ಜೇಬಿನ ಬಟ್ಟೆಯ ವಿಷಯವನ್ನೂ ಬಿಡದೆ ಹೇಳಿದಳು. ನಳಿನಿ ನೆಲ ನೋಡುತ್ತಿದ್ದಳು. ಬಾಲಕೃಷ್ಣ ಬಾಲ್ಕನಿಗೆ ಹೋಗಿ ತನ್ನ ನೀಲಿ ಸಂಸಾರವನ್ನು ಒಮ್ಮೆ ನೋಡಿದ. ಕೋಣೆಗೆ ಹೋದ. ಹೊರಗೆ ಬಂದಾಗ ಅವನ ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು. ಕೈಯಲ್ಲಿ ಮೈಮೇಲಿಂದ ಆಗಷ್ಟೇ ತೆಗೆದ ಬನಿಯನ್ನು, ಆ ಮನೆಯಲ್ಲಿ ಉಳಿದಿದ್ದ ಕೊನೆಯ ಬಿಳಿ ಬನಿಯನ್ನು.

"ಇದನ್ನ ಕತ್ತರಿಸು" ಅಂದ. "ಬೆವರಿದೆ, ಒಗೆದುಕೋ."

ನಳಿನಿ ಅದನ್ನು ತೆಗೆದುಕೊಂಡಳು. ಇನ್ನೂ ಬೆಚ್ಚಗಿತ್ತು. ಬಚ್ಚಲಿಗೆ ಹೋಗಿ ತಣ್ಣೀರಿನಲ್ಲಿ ಒಂದು ಹನಿ ಶಾಂಪೂ ಹಾಕಿ ಅದ್ದಿದಳು, ಹಿಂಡಲಿಲ್ಲ, ಟವೆಲಿನಲ್ಲಿ ಸುತ್ತಿ ಒತ್ತಿದಳು. ಅಭ್ಯಾಸಬಲದಿಂದ ಸುರುಳಿಯನ್ನು ಸ್ಟೂಲಿನ ಮೇಲಿಡಲು ಹೋದ ಕೈ ಅಲ್ಲೇ ತಡೆಯಿತು. ಟವೆಲು ಬಿಡಿಸಿ, ಬನಿಯನ್ನನ್ನು ಬಾಲ್ಕನಿಯ ನೆರಳಿನ ಕಡೆಗೆ ಗಾಳಿಗೆ ಹರವಿದಳು. ಅತ್ತ ನಿಕಿತಾ ಅಡುಗೆಮನೆಯಲ್ಲಿ ಗಂಜಿ ಬೇಯಿಸಲು ಇಟ್ಟಿದ್ದಳು. ಅಮ್ಮನಿಗೆ ಮಾಡುತ್ತಿದ್ದಂತೆಯೇ ಮಾಡಿದಳು, ಗಟ್ಟಿಯಾಗಿ. ಉಪ್ಪು ಹಾಕಬೇಕಾ ಎಂದು ಕೇಳಿದ್ದಕ್ಕೆ ನಳಿನಿಗೆ ಆ ದಿನ ಮೊದಲ ಸಲ ನಗು ಬಂತು. ಆ ಗಂಜಿಯನ್ನು ಸೋಸಿ, ಸೀರೆಯನ್ನು ಅದರಲ್ಲಿ ಅದ್ದಿ ತಾಯಿ ಮಗಳು ಎರಡು ತುದಿ ಹಿಡಿದು ಕೊಡವಿ ಹರವಿದರು. ಏಪ್ರಿಲ್ಲಿನ ಗಾಳಿಗೆ ರಾತ್ರಿ ಊಟದ ಹೊತ್ತಿಗೆಲ್ಲ ಅದು ತಗಡಿನಂತೆ ನಿಂತಿತು.

ಜೇಬು ಹೊಲಿದಾಯಿತು. ನಿಕಿತಾ ದಾರ ಪೋಣಿಸಿಕೊಟ್ಟಳು, ನಳಿನಿ ಸಣ್ಣ ಸಣ್ಣ ಹೊಲಿಗೆ ಹಾಕಿದಳು. ಪ್ಯಾಡು ಇಟ್ಟು ತೊಟ್ಟು ನೋಡಲು ಕೋಣೆಗೆ ಹೋದಳು. ಹಿಂದಿನ ಕೊಕ್ಕೆ ಕೈಗೆ ಸಿಗಲಿಲ್ಲ. ಆಪರೇಶನ್ ಆದ ಮೇಲೆ ಎಡಗೈ ಅಷ್ಟು ಹಿಂದೆ ಹೋಗುತ್ತಿರಲಿಲ್ಲ. ಒಂದು ಸಲ, ಎರಡು ಸಲ ಪ್ರಯತ್ನಿಸಿದಳು. ನಿಕಿತಾಳನ್ನು ಕರೆಯಲು ಬಾಯಿ ತೆರೆದವಳು ಏನೆನ್ನಿಸಿತೋ, "ರೀ, ಸ್ವಲ್ಪ ಇಲ್ಲಿ ಬನ್ನಿ" ಅಂದಳು.

ಬಾಲಕೃಷ್ಣ ಬಂದ. ಬಂದವನು ಅಭ್ಯಾಸದಂತೆ ಕಿಟಕಿಯ ಕಡೆ ತಿರುಗಿದ.

"ಟ್ಯಾಂಕು ಅಲ್ಲೇ ಇರತ್ತೆ. ಈ ಕಡೆ ನೋಡಿ" ಅಂದಳು ನಳಿನಿ.

ಅವನು ತಿರುಗಿದ. ಕೊಕ್ಕೆ ಹಾಕಿದ. ಆಮೇಲೆ ಎದುರಿಗೆ ಬಂದು, ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಗೆ ನೇತುಹಾಕಿದ ಪಟ ಓರೆಯಾಗಿದೆಯೋ ಎಂದು ನೋಡುವವನಂತೆ ತಲೆ ವಾಲಿಸಿ ನೆಟ್ಟಗೆ ನೋಡಿದ. "ಎಡಗಡೆ ಸ್ವಲ್ಪ ಕೆಳಗಿದೆ. ಪಟ್ಟಿ ಒಂದಿಷ್ಟು ಎತ್ತು. ಹಾಂ, ಈಗ ಸಮ." ಅವನ ಕಣ್ಣು ಇಳಿದಿತ್ತು, ಇಳಿದು ಅಲ್ಲೇ ನಿಂತಿತ್ತು, ತಪ್ಪು ಮಾಡಿದಂತೆ ಮೇಲೆ ಬಂದಿರಲಿಲ್ಲ. ಇಷ್ಟು ತಿಂಗಳು ತಾನು ಬೇಡಿಕೊಂಡದ್ದು ಇದೊಂದು ನೋಟಕ್ಕೆ ಎಂದು ನಳಿನಿಗೆ ಆಗ ಅರಿವಾಯಿತು.

"ನಿಮಗೆ ನೋಡೋಕಾಗಲ್ಲ ಅಂದ್ಕೊಂಡಿದ್ದೆ" ಅಂದಳು.

"ನಾನು ನೋಡಿದ್ರೆ ನಿನಗೆ ನೋವಾಗುತ್ತೆ ಅಂದ್ಕೊಂಡಿದ್ದೆ" ಅಂದ ಅವನು.

ಹಾಗೆಂದು ನಳಿನಿಯ ಚಡಪಡಿಕೆ ಏನೂ ಹೋಗಲಿಲ್ಲ. ಗಂಡನ ಕಣ್ಣು ಬೇರೆ, ಕಚೇರಿಯ ಕಣ್ಣುಗಳು ಬೇರೆ. ಬೆಳಗ್ಗೆ ಸೀರೆ ಉಡುವಾಗ ಸೆರಗಿನ ಪಿನ್ನನ್ನು ಎರಡು ಸಲ ಹಾಕಿ ಎರಡು ಸಲ ತೆಗೆದಳು. ಅದರ ಮೇಲೆ ನಿಕಿತಾಳ ಗಂಜಿ ಎಷ್ಟು ಗಟ್ಟಿಯಾಗಿತ್ತೆಂದರೆ ನೆರಿಗೆ ಹಿಡಿದರೆ ವರ್ತಮಾನ ಪತ್ರಿಕೆ ಮಡಿಸಿದ ಸದ್ದು, ನಡೆದರೆ ಹಪ್ಪಳ ಮುರಿದ ಸದ್ದು. ಯಾರ ಕಣ್ಣಿಗೂ ಬೀಳಬಾರದು ಎಂದು ಹೊರಟವಳು ಕಿವಿಗೆ ಬೀಳುವಂತಾಗಿದ್ದಳು. ಬೇಡ, ಇವತ್ತು ಬೇಡ, ಸೋಮವಾರ ಹೋದರಾಯಿತು ಎಂದು ಮನಸ್ಸು ಎಳೆಯುತ್ತಿತ್ತು. ಅಷ್ಟರಲ್ಲಿ ಬಾಲಕೃಷ್ಣ ತಾನೇ ಬಿಡುತ್ತೇನೆ ಎಂದು ಸ್ಕೂಟರಿನ ಕೀಲಿ ಹಿಡಿದು ನಿಂತ. ಅವನು ತೊಟ್ಟಿದ್ದದ್ದು ತೆಳ್ಳನೆಯ ಬಿಳಿ ಅಂಗಿ. ಒಳಗೆ ನೀಲಿ ಬನಿಯನ್ನು. ಬೆಳಕಿಗೆ ನಿಂತರೆ ತೋಳಿನ ಅಂಚು, ಕೊರಳಿನ ಕಮಾನು, ಎಲ್ಲ ಅಚ್ಚು ಹೊಡೆದಂತೆ ಕಾಣುತ್ತಿತ್ತು.

"ಒಳಗಿಂದೆಲ್ಲ ನೀಲಿ ಕಾಣ್ತಿದೆ. ಚೌಕಳಿ ಅಂಗಿ ಇಸ್ತ್ರಿ ಆಗಿ ಬಂದಿತ್ತಲ್ಲ, ಅದನ್ನ ಹಾಕ್ಕೊಳ್ಳಿ" ಅಂದಳು ನಳಿನಿ.

"ಅದರ ಗುಂಡಿ ಹೋಗಿದೆ" ಅಂದ ಬಾಲಕೃಷ್ಣ. "ಕಾಣಲಿ ಬಿಡು, ಹೊತ್ತಾಯ್ತು."

ಕಚೇರಿಯ ಬಾಗಿಲಲ್ಲಿ ಅವಳನ್ನು ಇಳಿಸಿ ಹಾಗೇ ಹೋಗುತ್ತಾನೆ ಅಂದುಕೊಂಡಿದ್ದಳು. ಇಷ್ಟು ವರ್ಷದಲ್ಲಿ ಅವನು ಆ ಮೆಟ್ಟಿಲು ಹತ್ತಿದ್ದೇ ಇಲ್ಲ. ಇಂದು ಸ್ಕೂಟರು ನಿಲ್ಲಿಸಿ ಹಿಂದೆಯೇ ಬಂದ. ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು, ಮೊದಲ ಮಹಡಿಯ ದೊಡ್ಡ ಹಾಲಿನೊಳಕ್ಕೆ ಅವಳ ಪಕ್ಕದಲ್ಲಿ ನಡೆದುಬಂದ. ಸೀರೆ ಚರಪರ ಅನ್ನುತ್ತಿತ್ತು. ಮೇಜುಗಳಿಂದ ತಲೆಗಳು ಎದ್ದವು. ನಳಿನಿ ಸೆರಗನ್ನು ಎಳೆದುಕೊಂಡಳು. ಇಡೀ ಹಾಲಿನ ಕಣ್ಣುಗಳು ಅವಳ ಮುಖಕ್ಕೆ ಬಂದವು, ನಕ್ಕವು, ಇಳಿಯಲು ಶುರುಮಾಡಿದವು. ಅರ್ಧ ದಾರಿಯಲ್ಲಿ ಪಕ್ಕಕ್ಕೆ ಜಾರಿ ಬಾಲಕೃಷ್ಣನ ಅಂಗಿಗೆ ಅಂಟಿಕೊಂಡವು. ಅಲ್ಲಿಂದ ಕದಲಲೇ ಇಲ್ಲ.

ಅವಳ ಎದುರು ಮೇಜಿನ ಪರೇಶ್‌ಭಾಯ್ ತಡೆಯಲಾರದೆ, ಹೋಳಿ ಮುಗಿದು ತಿಂಗಳ ಮೇಲಾಯಿತಲ್ಲ, ನಿಮ್ಮಲ್ಲಿ ಇನ್ನೂ ಆಡುತ್ತಿದ್ದೀರಾ ಎಂದು ಗುಜರಾತಿಯಲ್ಲಿ ಕೇಳಿದರು. ಮಾತು ಕಡಿಮೆಯ ಬಾಲಕೃಷ್ಣ ತನ್ನ ಹರಕು ಗುಜರಾತಿಯಲ್ಲಿ ಗಂಜಿಯ ಕಥೆಯನ್ನು ಹೇಳತೊಡಗಿದ. ಹೆಂಡತಿ ಕನ್ನಡದಲ್ಲಿ ಗಂಜಿ ಅಂದಳು, ಮಗಳು ಗುಜರಾತಿಯಲ್ಲಿ ಕೇಳಿಸಿಕೊಂಡಳು. ಬಟ್ಟೆಯ ಜೇಬಿನ ಮಾತು ಬರಲಿಲ್ಲ, ಬನಿಯನ್ನುಗಳ ಮಾತು ಮಾತ್ರ. ಹಿಂದೆಯೂ ಹೀಗೇ ಇದೆ ನೋಡಿ ಎಂದು ತಿರುಗಿ ಬೆನ್ನನ್ನೂ ತೋರಿಸಿದ. ಹಾಲಿಗೆ ಹಾಲೇ ನಕ್ಕಿತು. ನಗುವಿನ ನಡುವೆ ಯಾರೋ ನಳಿನಿಗೆ ಕುರ್ಚಿ ಎಳೆದುಕೊಟ್ಟರು, ಯಾರೋ ಚಹಾ ತರಲು ಹೇಳಿದರು, ಇನ್ನೊಬ್ಬರು ಈ ಗುಂಗುರು ಕೂದಲು ನಿಮಗೆ ಒಪ್ಪುತ್ತದೆ ಅಂದರು. ಅವಳೂ ನಗುತ್ತಿದ್ದಳು. ಸೆರಗನ್ನು ಎಳೆದುಕೊಳ್ಳುವುದು ಮರೆತೇ ಹೋಗಿತ್ತು.

ಎಲ್ಲರೂ ನೋಡಿ ಸಾಕಾಗುವ ತನಕ ಬಾಲಕೃಷ್ಣ ನಿಂತಿದ್ದ. ಆಮೇಲೆ ಬರ್ತೀನಿ ಅಂದು ಹೊರಟ.

ನಳಿನಿಯ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಅವಳು ಕೆಳಗೆ ನೋಡಿದಳು. ಬಾಲಕೃಷ್ಣ ಸ್ಕೂಟರಿನ ಬಳಿ ಬಂದ. ಅತ್ತಿತ್ತ ನೋಡಿ ಸೀಟು ಎತ್ತಿ ಒಳಗಿನಿಂದ ಮಡಿಸಿಟ್ಟಿದ್ದ ಚೌಕಳಿ ಅಂಗಿಯನ್ನು ತೆಗೆದ. ಬಿಳಿ ಅಂಗಿಯ ಮೇಲೆಯೇ ಅದನ್ನು ತೊಟ್ಟು, ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಗುಂಡಿ ಹಾಕಿದ. ಒಂದು ಗುಂಡಿಯೂ ಹೋಗಿರಲಿಲ್ಲ. ಹೆಲ್ಮೆಟ್ಟು ಹಾಕಿಕೊಂಡು, ಬ್ಯಾಂಕಿಗೆ ಹೊತ್ತಾದವನಂತೆ ಗಡಿಬಿಡಿಯಿಂದ ಹೊರಟುಹೋದ.

ನಳಿನಿಗೆ ಎದೆ ತುಂಬಿ ಬಂತು.